ಸ್ಕೂಬಾ ವಿಷಯ ಅಪ್ಪನಿಗೆ ಯಾರು ಹೇಳುವುದು?

ಮುಂಬೈ ಹತ್ತಿರದ ಡೊಂಬಿವ್ಲಿ ಸ್ಟೇಷನ್ನಿನಲ್ಲಿ ಆ ಬೆಳಿಗ್ಗೆ ಅರ್ಧ ಭಾರತ ನಿಂತಿತ್ತು. ಉಳಿದರ್ಧ ಟಿಕೆಟ್ ಕಿಟಕಿಯಲ್ಲಿತ್ತು. ಅಂಥ ಗದ್ದಲದಲ್ಲೂ ಪಕ್ಕದೂರು ಕಲ್ಯಾಣದ ಪಿಸುಮಾತು ಹಿಡಿಯುವ ಕಿವಿ ನನ್ನದು. ಲೇಡೀಸ್ ಡಬ್ಬಿ ನಿಲ್ಲುವಲ್ಲಿ ನನ್ನ ಮುಂದೆಯೇ ಉಡುಪಿ ಕಡೆಯ ತಾಯಿ, ಮಗಳು ಸಂಯುಕ್ತಾ.

"ಬ್ಯಾಂಕಿನ ಕೆಲಸ ಬಿಟ್ಟೇ ಬಿಟ್ಟೆಯಾ?"

"ಬಿಟ್ಟಾಯ್ತಮ್ಮ. ಮುಂದಿನ ತಿಂಗಳು ಥೈಲ್ಯಾಂಡ್. ಅಲ್ಲಿ ಸ್ಕೂಬಾ ಡೈವಿಂಗ್ ಕಲಿಸೋದು."

"ಜನರನ್ನು ಸಮುದ್ರದಲ್ಲಿ ಮುಳುಗಿಸ್ಲಿಕ್ಕೆ ಸಂಬಳ ಕೊಡ್ತಾರಾ?"

"ಮುಳುಗಿಸಿ ವಾಪಸ್ ತರ್ಲಿಕ್ಕೆ."

"ಅಪ್ಪನಿಗೆ ಯಾರು ಹೇಳೋದು?"

"ನೀನು ಹೇಳಿದ್ರೆ ಮಾತ್ರ ಒಪ್ತಾರೆ. ಪ್ಲೀಸ್."

"ಸತ್ರೂ ಹೇಳುದಿಲ್ಲ. ಮೀನಂಗಡಿ ಕಂಡ್ರೆ ರಸ್ತೆ ದಾಟುವ ಮನುಷ್ಯ ಅವರು."

"ನಾನು ಮೀನು ತಿನ್ಲಿಕ್ಕೆ ಹೋಗುದಲ್ಲ, ನೋಡ್ಲಿಕ್ಕೆ."

"ನೋಡ್ಲಿಕ್ಕೆ ಇಲ್ಲೇ ಥಾಣೆ ಊರಿನ ಕೆರೆ ಸಾಲುದಿಲ್ವಾ? ಜೀವಕ್ಕೆ ಅಪಾಯ, ಮಾರಾಯ್ತಿ!"

ಅಷ್ಟರಲ್ಲಿ ಖಾಲಿ ಲೋಕಲ್ ರೈಲು ಬಂತು. ಅದು ನಿಲ್ಲುವ ಮೊದಲೇ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಂಗನೆ ಒಳಗೆ ಹಾರಿದರು. ಲಂಕೆಗೆ ಹಾರಿದ ಹನುಮಂತನೂ ಇಷ್ಟು ಹಗುರಾಗಿ ಇಳಿದಿರಲಾರ. ಗಾಡಿ ನಿಂತು ಮಗಳು ಹತ್ತುವಷ್ಟರಲ್ಲಿ ಅವರು ಕಿಟಕಿ ಪಕ್ಕ ಕೂತು, ಮಗಳ ಸೀಟಿಗೆ ಕರವಸ್ತ್ರ ಹಾಕಿಯಾಗಿತ್ತು. ನಾನು ಆ ಕಿಟಕಿಯ ಹೊರಗೇ ಉಳಿದೆ.

"ಅಮ್ಮಾ! ಓಡುವ ಗಾಡಿಗೆ ಇನ್ನು ಹಾರುದಿಲ್ಲ ಅಂತ ಅಪ್ಪನ ಹತ್ರ ಆಣೆ ಹಾಕಿದ್ದೆಯಲ್ಲ?"

ತಾಯಿ ಅತ್ತಿತ್ತ ನೋಡಿದರು.

"ಬೊಬ್ಬೆ ಹಾಕ್ಬೇಡ, ಕೂತ್ಕೋ. ಥೈಲ್ಯಾಂಡಿನ ವಿಷಯ ಇವತ್ತೇ ನಾನು ಹೇಳ್ತೇನೆ. ಈ ವಿಷಯ ನೀನು ಹೇಳ್ಬೇಡ."

ಗಾಡಿ ಹೊರಟಿತು.