ಹಲ್ಲು ಕಿರಿಯುವ ನಾಯಿ

ಇಂಜೆಕ್ಷನ್ ಕೋಣೆಯ ಮುಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತಿದ್ದ ಅಜ್ಜಿ, ಪಕ್ಕದ ಗಂಡ ಹೆಂಡತಿಯ ಜಗಳಕ್ಕೆ ಕಿವಿಗೊಟ್ಟಳು. ಅವರ ನಡುವೆ ಕೈಗೆ ಬ್ಯಾಂಡೇಜ್ ಸುತ್ತಿಸಿಕೊಂಡ ಮಗಳು.

“ನಿಮ್ಮ ಕಾರ್ಟೂನಿಗೆ ಬೆಂಕಿ ಹಾಕ! ಯಾವ ನಾಯಿರೀ ಹಲ್ಲು ಕಿರಿದು ನಗುತ್ತೆ? ಕಚ್ಚೋಕೆ ಮುಂಚೆ ಕಿರಿಯುತ್ತೆ!”

“ಬಾಲ ಅಲ್ಲಾಡಿಸಿದ್ರೆ ಸಾಲದು, ಮನುಷ್ಯರ ಹಾಗೆ ನಗಬೇಕು ಅಂದ್ರು ಕಣೇ ಆಫೀಸಲ್ಲಿ.”

“ಅವರು ಅಂದ್ರು, ನೀವು ಬರೆದ್ರಿ! ಇವಳು ಬೀದಿ ನಾಯಿ ನಗ್ತಿದೆ ಅಂತ ಅದರ ಬಾಯಿಗೇ ಬಿಸ್ಕೆಟ್ ಹಿಡಿದ್ಲು.”

“ಅದು ಬರೀ ಚಿತ್ರ...”

“ಇವಳಿಗೆ ಅದು ಅಪ್ಪ ಹೇಳಿಕೊಟ್ಟಿದ್ದು!”

ಗಂಡ ಮಗಳ ಬ್ಯಾಂಡೇಜಿನ ಅಂಚನ್ನು ಸರಿಪಡಿಸತೊಡಗಿದ.

ಬಾಗಿಲು ತೆರೆದ ನರ್ಸ್, “ಬಾ ಪುಟ್ಟಿ” ಎಂದು ಬಾಯಿ ತುಂಬ ನಕ್ಕಳು. ಆ ಹಲ್ಲುಗಳನ್ನು ಕಂಡದ್ದೇ ಮಗು ಕಿಟಾರನೆ ಕಿರುಚಿ ಅಪ್ಪನ ಬೆನ್ನ ಹಿಂದೆ ಅಡಗಿತು.

“ನಡೀರಿ ಒಳಗೆ,” ಎಂದಳು ಹೆಂಡತಿ. “ನಗು ಅಂದ್ರೆ ಏನು ಅಂತ ಈಗ ಇವಳಿಗೆ ಬರೆದು ತೋರಿಸಿ.”