ಕೋಳಿ ತಿಂದ ಗುಳಿಗೆ

ಗೋಕಾಕದಿಂದ ಕಲ್ಲೋಳಿಗೆ ಹೊರಟ ಬಸ್ಸಿನಲ್ಲಿ ಸುಜಾತಾ ಟೀಚರ ಮುಂದಿನ ಸೀಟಿಗೆ ಅತ್ತೆ ಮತ್ತು ತುಂಬು ಬಸುರಿ ಸೊಸೆ ಬಂದು ಕೂತರು. ಪಶು ಆಸ್ಪತ್ರೆಯಿಂದ ಬಂದವರು. ಅತ್ತೆಯ ತೊಡೆಯ ಮೇಲಿನ ಬುಟ್ಟಿಯಲ್ಲಿ ಮಂಕಾದ ಕೋಳಿಯೊಂದಿತ್ತು.

“ಇದರ ಮೈಯಾಗ ಕಬ್ಬಿಣ ಹೆಚ್ಚಾಗಿ ಒಳಗ ಸುಡಾಕತ್ತೈತಂತ, ಪೂನಮ್. ಕೋಳಿ ತಾನ ತಯಾರ ಮಾಡ್ಕೊಳ್ಳೊ ಸಿ ವಿಟಮಿನ್ ಎಲ್ಲಾ ಆ ಉರಿ ಆರಿಸೂದ್ರಾಗ ತೀರತೈತಂತ. ಇದಕ್ಕ ಕಬ್ಬಿಣ ಎಲ್ಲಿಂದ ಬಂತು?”

“ಅತ್ತಿ, ಅವು ಬಸುರಿಗಂತ ಕೊಟ್ಟ ನನ್ನ ಕಬ್ಬಿಣದ ಕೆಂಪು ಗುಳಿಗಿ ರಿ. ನುಂಗಿದ್ರ ವಾಂತಿ ಬರತಿತ್ತು. ಚೆಲ್ಲಾಕ ಮನಸ್ಸಾಗದ ಪುಡಿ ಮಾಡಿ ಕೋಳಿ ಜ್ವಾಳದಾಗ ಹಾಕಿದ್ನಿ.”

ಅತ್ತೆ ಬುಟ್ಟಿಯೊಳಗೆ ಇಣುಕಿದಳು. ಈಗ ಬೈಗುಳ ಬೀಳುತ್ತದೆಂದು ಸುಜಾತಾ ಕಿವಿಗೊಟ್ಟಳು.

“ಕೋಳಿ ಉಳೀತೈತೇನ್ರಿ, ಅತ್ತಿ?”

“ಉಳೀತೈತಿ. ಗುಳಿಗಿ ನಿಂತ್ರ ಸಾಕಂದಾರ ಡಾಕ್ಟರು.” ಅತ್ತೆಯ ಭುಜಗಳು ಕುಲುಕತೊಡಗಿದವು; ಅವಳು ನಗುತ್ತಿದ್ದಳು. “ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ನಾ ನನ್ನ ಗುಳಿಗಿ ಎಮ್ಮಿಗೆ ತಿನಿಸಿದ್ನಿ.”

“ಎಮ್ಮಿಗೆ ಏನಾತ್ರಿ?”

“ಅಷ್ಟ ದೊಡ್ಡ ಹೊಟ್ಟಿಗೆ ಏನಾದೀತು? ನೀ ಮಾತ್ರ ಇನ್ನ ಉಂಡ ಮ್ಯಾಲ ಲಿಂಬಿ ಶರಬತ್ತಿನಾಗ ನುಂಗು, ನನ್ನ ಎದುರಿಗೆ.”

ಕಲ್ಲೋಳಿ ಬಂತು. ಬುಟ್ಟಿಗೆ ಸೊಸೆ ಕೈಚಾಚಿದಳು. ಅತ್ತೆ ಕೊಡಲಿಲ್ಲ, ಅದನ್ನು ಸೊಂಟಕ್ಕಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಸೊಸೆಯನ್ನು ಹಿಡಿದು, ನಗುತ್ತಲೇ ಇಳಿದಳು.