ಪ್ಲಾಸ್ಟರ್ ಉಳಿಸಿದ ರಾಸ್ಪ್‌ಬೆರಿ

ಹೊಲಿಗೆ ಸೂಜಿ ಬೆರಳಿಗೆ ಚುಚ್ಚಿಕೊಂಡು ಆಸ್ಪತ್ರೆಗೆ ಬಂದಿದ್ದ ಟೈಲರ್, ಬೆಂಚಿನ ಮೇಲಿದ್ದ ಇಬ್ಬರು ಹೆಂಗಸರ ಮಾತು ಕೇಳುತ್ತ ನೋವು ಮರೆತ.

“ಅತ್ತಿಗೆ, ರಾಸ್ಪ್‌ಬೆರಿ ಗಿಡದ ತುಂಬಾ ಕಾಯಿ! ಇಷ್ಟು ವರ್ಷದಲ್ಲಿ ಇದೇ ಮೊದಲು!”

“ಏನು ಗೊಬ್ಬರ ಹಾಕ್ದೆ?”

“ಗೊಬ್ಬರಾನೂ ಇಲ್ಲ, ಮಣ್ಣೂ ಇಲ್ಲ. ನಿಮ್ಮ ತಮ್ಮ ಕಾಲು ಮುರ್ಕೊಂಡ್ರಲ್ಲ, ಅದಕ್ಕೆ! ಹೋದ ವರ್ಷದ ಕಡ್ಡಿ ಒಣಗಿದೆ ಅಂತ ಪ್ರತಿ ಸಲ ಬುಡದವರೆಗೂ ಕತ್ತರಿಸ್ತಿದ್ರು. ಕಾಯಿ ಬಿಡೋದೇ ಆ ಕಡ್ಡೀಲಿ!”

“ಅವನಿಗೆ ಹೇಳಿದ್ಯಾ?”

“ಹೇಳ್ದೆ. ಹಾಗಿದ್ರೆ ಹೊಸ ಚಿಗುರೆಲ್ಲ ದಂಡ, ಇವತ್ತು ಪ್ಲಾಸ್ಟರ್ ಬಿಚ್ಚಿದ ಕೂಡ್ಲೇ ಸವರಿ ಹಾಕ್ತೀನಿ ಅಂತಾರೆ!”

“ಅಯ್ಯೋ! ಮುಂದಿನ ವರ್ಷ ಕಾಯಿ ಬಿಡೋದು ಅದ್ರಲ್ಲೇ ಅಲ್ವೇನೆ?”

“ಬಡ್ಕೊಂಡೆ. ಕೇಳ್ಬೇಕಲ್ಲ!”

ಒಳಗೆ ಪ್ಲಾಸ್ಟರ್ ಕೊಯ್ಯುವ ಸದ್ದು ಶುರುವಾಯಿತು. ಅತ್ತಿಗೆ ದಡಕ್ಕನೆ ಎದ್ದಳು.

“ಇನ್ನೊಂದು ತಿಂಗಳು ತೋಟಕ್ಕೆ ಕಾಲಿಡಬಾರದು ಅಂತ ಡಾಕ್ಟ್ರ ಬಾಯಲ್ಲೇ ಹೇಳಿಸೋಣ, ಬಾ!”

ಇಬ್ಬರೂ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದರು.